ಹೂಂಗುಟ್ಟಲು ಒಬ್ಬರು

ಜುಲೈ 7, ಸಂಜೆ

ಇವತ್ತಿನ ರೆಕಾರ್ಡಿಂಗೂ ಹಾಳು. ಕಥೆಯ ರಾಜಕುಮಾರ ಕಾಡಿಗೆ ಕಾಲಿಟ್ಟ, ಮೇಲಿನ ಮನೆಯ ಕುಕ್ಕರ್ ಕೂಗಿತು. ಎದ್ದು ಕಿಟಕಿ ಮುಚ್ಚಿದೆ. ಮತ್ತೆ ಶುರು. ಆಗ ಸೊಪ್ಪಿನವನು ಬಂದ. ಗಾಡಿಯ ಸ್ಪೀಕರಿನಲ್ಲಿ ಅವನದೇ ರೆಕಾರ್ಡಿಂಗ್ — ದಂಟು, ಸಬ್ಬಸಿಗೆ, ಮೆಂತ್ಯ... ನನ್ನದಕ್ಕಿಂತ ಕ್ಲಿಯರ್ ಆಗಿದೆ, ಹಾಳಾದವನದು.

ಬೈರಮ್ಮಜ್ಜಿಗೆ ಇದ್ಯಾವುದೂ ಲೆಕ್ಕಕ್ಕಿಲ್ಲ. "ಕೂಗ್ಲಿ ಬುಡು ಟೀಚ್ರಮ್ಮ. ಕಾಡ್ನಾಗೆ ಹಕ್ಕಿ ಕೂಗಾಕಿಲ್ವಾ?"

ಪಾಡ್‌ಕಾಸ್ಟಿನ ಇಂಟ್ರೊ ಮತ್ತೆ ತಿದ್ದಿದೆ. "ನಮಸ್ಕಾರ. ನಾನು ಶಾಲಿನಿ, ಸ್ಕೂಲಿನಲ್ಲಿ ಸೋಷಿಯಲ್ ಟೀಚರ್. ವಸಂತಪುರದಲ್ಲಿ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದೇನೆ. ನಮ್ಮ ಓನರ್ ಗಂಗಾಧರಯ್ಯನವರ ತಾಯಿ ಬೈರಮ್ಮನವರು ಕೆಳಗಿನ ಮನೆಯ ಮುಂದಿನ ಕೋಣೆಯಲ್ಲಿ ಕೂತು, ಇಲ್ಲಿ ರಾಗಿ ಹೊಲ ಇದ್ದ ಕಾಲದ ಕಥೆಗಳನ್ನು ಹೇಳುತ್ತಾರೆ." ಓದಿಕೊಂಡರೆ ಅಸೆಂಬ್ಲಿಯಲ್ಲಿ ನೋಟೀಸ್ ಓದಿದ ಹಾಗಿದೆ. ನನ್ನ ದನಿಯೇ ಹಾಗೆ. ಕ್ಲಾಸಿನಲ್ಲಿ ಅಷ್ಟು ಮಕ್ಕಳಿದ್ದಾರೆ, ಒಂದಾದರೂ ಕೇಳಬೇಕಲ್ಲ.

ಜುಲೈ 9

ರೆಕಾರ್ಡಿಂಗ್ ವಿಷ್ಣುವಿಗೆ ಕಳಿಸಿದ್ದೆ. ಚಿಕ್ಕಪ್ಪನ ಮಗ, ಬನಶಂಕರಿಯ ಒಂದು ಡಬ್ಬಿಂಗ್ ಸ್ಟುಡಿಯೋದಲ್ಲಿ ಕೆಲಸ. ಎಡಿಟಿಂಗ್ ಹೇಳಿಕೊಡುತ್ತಿರುವ ಗುರು ಅವನೇ.

"ಅಕ್ಕ, ಕಥೆ ಸಖತ್ತಾಗಿದೆ. ಆದ್ರೆ ಅಜ್ಜಿಯ ಪ್ರತಿ ಮಾತಿಗೂ ನೀನು ಹೂಂ ಹೂಂ ಅಂತಿದ್ಯಲ್ಲ, ಹೆಡ್‌ಫೋನ್ ಹಾಕ್ಕೊಂಡ್ರೆ ಕಿವಿಯೊಳಗೆ ಎಮ್ಮೆ ನಿಂತಂಗಿದೆ."

"ಅದು ಹೂಂಗುಟ್ಟೋದು ಕಣೋ. ಹೂಂ ಅನ್ನದಿದ್ರೆ ಅಜ್ಜಿ ಕಥೆ ಹೇಳಲ್ಲ."

"ಗೆಸ್ಟ್ ಮಾತಾಡ್ವಾಗ ಹೋಸ್ಟ್ ಬಾಯಿ ಬಿಡ್ಬಾರ್ದು. ತಲೆ ಆಡ್ಸು ಸಾಕು. ಇರೋದನ್ನೆಲ್ಲ ಕಟ್ ಮಾಡು."

ಸಂಜೆಯೆಲ್ಲ ಹೂಂ ಕತ್ತರಿಸುತ್ತ ಕೂತೆ. ಸ್ಕ್ರೀನಿನ ಮೇಲೆ ಒಂದೊಂದು ಹೂಂ ಕೂಡ ಒಂದೊಂದು ಪುಟ್ಟ ಉಬ್ಬು. ಎಲ್ಲ ತೆಗೆದ ಮೇಲೆ ಕೇಳಿದೆ. ಅಜ್ಜಿ ಒಂದು ಮಾತು ಹೇಳಿ ನಿಲ್ಲಿಸುತ್ತಾರೆ. ಕಾಯುತ್ತಾರೆ. ಯಾರೂ ಇಲ್ಲ. ಖಾಲಿ ಮನೆಯಲ್ಲಿ ಕೂತು ಯಾರಿಗೋ ಹೇಳುತ್ತಿರುವ ಹಾಗಿದೆ. ಮೈ ಒಂಥರಾ ಆಯಿತು. ವಿಷ್ಣು ಮಾತ್ರ "ಸೂಪರ್, ಈಗ ಕ್ಲೀನ್ ಆಯ್ತು" ಅಂದ.

ಜುಲೈ 12

ಹೂಂ ಅನ್ನದೆ ತಲೆ ಆಡಿಸಿದೆ. ಎರಡು ಮಾತಿಗೇ ಅಜ್ಜಿ ನಿಂತರು.

"ಎದ್ದೋದ್ಯೇನವ್ವ?"

"ಇಲ್ಲೇ ಇದೀನಿ ಅಜ್ಜಿ. ತಲೆ ಆಡಿಸ್ತಿದೀನಿ."

"ನೀ ತಲೆ ಆಡ್ಸೋದು ನಂಗೇನು ಕಾಣ್ತದಾ?"

ಮರೆತೇಬಿಟ್ಟಿದ್ದೆ. ಎರಡೂ ಕಣ್ಣಿಗೆ ಪೊರೆ, ಆಪರೇಷನ್ ಬೇಡವೆಂದು ಹಟ. ಹಾಗಾದರೆ ಪ್ರತಿ ಮಾತಿಗೂ ನಿಮ್ಮ ಕೈ ಒತ್ತುತ್ತೇನೆ, ಅದನ್ನೇ ಹೂಂ ಅಂದುಕೊಳ್ಳಿ ಎಂದೆ.

"ಕೈ ಇಚುಕಿದ್ರೆ ಕತೆ ಬತ್ತದಾ? ಹಸ ಕರೀತಿದ್ದೀಯಾ?"

ಇಬ್ಬರೂ ನಕ್ಕೆವು. ಆದರೆ ಕಥೆ ಮುಂದೆ ಹೋಗಲಿಲ್ಲ. ಹೂಂ ಅನ್ನೋರಿಲ್ಲದೆ ಹೇಳಿದ ಕಥೆ ಬೇರೆ ಯಾರನ್ನಾದರೂ ಹುಡುಕಿಕೊಂಡು ಹೋಗುತ್ತದಂತೆ. ಒಳ್ಳೆ ಕಥೆ. ಹೂಂ ಅಂದೆ, ಆಮೇಲೆ ಕತ್ತರಿಸಿದೆ.

ಜುಲೈ 20

ಮೊದಲ ಎಪಿಸೋಡ್ ಹಾಕಿದೆ. ಕೇಳಿದವರನ್ನು ಕೈಬೆರಳಲ್ಲಿ ಎಣಿಸಬಹುದು, ಅದರಲ್ಲಿ ನಾನೇ ಕೆಲವು ಸಲ.

ಜಯನಗರಕ್ಕೆ ಅಣ್ಣ ಸುಮನ್ ಮನೆಗೆ ಊಟಕ್ಕೆ ಹೋಗಿದ್ದೆ. ಸುಮನ್ "ಕೇಳಿದೆ ಕಣೆ, ಚೆನ್ನಾಗಿದೆ" ಅಂದ. ಯಾವ ಕಥೆ ಇಷ್ಟವಾಯಿತು ಎಂದೆ. "ಅದೇ... ಎಲ್ಲಾನೂ." ಆಮೇಲೆ ನಾನು ಮಾತಾಡುತ್ತಿದ್ದಷ್ಟು ಹೊತ್ತೂ ಫೋನ್ ನೋಡಿಕೊಂಡು ಹೂಂ, ಹೂಂ ಅಂದ. ಇಂಥ ಹೂಂ ಕತ್ತರಿಸಬೇಕು ನಿಜವಾಗಿ.

ಬೇಜಾರಾಯಿತು. ಬರೆದರೆ ಏನು ತಪ್ಪು — ತುಂಬಾ ಬೇಜಾರಾಯಿತು.

ಜುಲೈ 26

ಇನ್ನೊಂದು ಕಥೆ ಇದೆಯಂತೆ. ಕೆಂಡ ತರಲು ಹೋದ ಹುಡುಗಿಯ ಕಥೆ. ಅಜ್ಜಿ ಬಾಯಿ ತಪ್ಪಿ ಅಂದರು, ತಕ್ಷಣ "ಅದು ಹೇಳಾಕಿಲ್ಲ" ಅಂತ ಬಾಯಿ ಮುಚ್ಚಿಕೊಂಡರು. ಬಿಡಲಿಲ್ಲ. ಕೆದಕಿ ಕೇಳಿದೆ.

ಗಂಗಾಧರಯ್ಯನವರಿಗಿಂತ ಮೊದಲು ಅಜ್ಜಿಗೆ ಒಂದು ಹೆಣ್ಣು ಮಗುವಿತ್ತು. ಪುಟ್ಟತಾಯಿ. ಐದು ವರ್ಷ. ಕೆಮ್ಮು, ಜ್ವರ. ಗಾಡಿ ಕಟ್ಟಿಕೊಂಡು ಸಿಟಿ ಆಸ್ಪತ್ರೆಗೆ ಹೋಗಲು ಗಂಡ ಎತ್ತು ಹುಡುಕುತ್ತಿದ್ದರು. ಅಷ್ಟು ಹೊತ್ತು ಮಗು ಅಳದಿರಲಿ ಎಂದು ಅಜ್ಜಿ ಕಥೆ ಹೇಳುತ್ತ ಕೂತರು. ಮಗು ಹೂಂ ಅನ್ನುತ್ತಿತ್ತು.

"ಕೆಂಡ ಹಿಡ್ಕೊಂಡು ಹುಡುಗಿ ಇನ್ನೇನು ತನ್ನ ಮನೆ ಬಾಗ್ಲಿಗೆ ಬಂದ್ಲು ಅಂದೆ. ಹೂಂ ಅನ್ನಲಿಲ್ಲ."

ಆಮೇಲೆ ಆ ಕಥೆ ಯಾರಿಗೂ ಹೇಳಿಲ್ಲವಂತೆ. ಗಂಗಾಧರಯ್ಯನವರಿಗೂ ಇಲ್ಲ, ಅವರ ಮಕ್ಕಳಿಗೂ ಇಲ್ಲ.

ನಾನು ಸುಮ್ಮನೆ ಎದ್ದು ಬರಬೇಕಿತ್ತು. "ನನಗೆ ಹೇಳಿ ಅಜ್ಜಿ, ನಾನು ಹೂಂ ಅಂತೀನಿ" ಅಂದೆ. ತಲೆಯಲ್ಲಿ ಆಗಲೇ ಎಪಿಸೋಡಿನ ಹೆಸರು ಓಡುತ್ತಿತ್ತು.

ಆಗಸ್ಟ್ 2, ಮಧ್ಯಾಹ್ನ

ಹೇಳಿದರು! ಕೊನೆಯವರೆಗಲ್ಲ, ಅರ್ಧ.

ಮನೆಯಲ್ಲಿ ಒಲೆ ಆರಿದೆ. ಅಮ್ಮ ಹುಡುಗಿಯನ್ನು ಪಕ್ಕದ ಮನೆಗೆ ಕೆಂಡ ತರಲು ಕಳಿಸುತ್ತಾಳೆ. ಅಲ್ಲಿಯವರು ಕೆಂಡ ಕೊಡುತ್ತೇವೆ, ಮೊದಲು ನೀರು ತಂದುಕೊಡು ಎನ್ನುತ್ತಾರೆ. ನೀರಿಗೆ ಹೋದರೆ ಬಾವಿಯ ಮನೆಯವರು ಹಗ್ಗ ತಾ ಎನ್ನುತ್ತಾರೆ. ಹೀಗೇ ಮನೆಯಿಂದ ಮನೆಗೆ. ಇಷ್ಟೇ ಕಥೆ. ಆದರೆ ಹೇಳುವಾಗ ಅಜ್ಜಿಯ ಮುಖ ನೋಡಬೇಕಿತ್ತು.

ನಾನು ಒಂದೇ ಒಂದು ಹೂಂ ಅನ್ನಲಿಲ್ಲ. ಬೈಸಿಕೊಳ್ಳಲು ತಯಾರಾಗಿ ಕೂತಿದ್ದೆ. ಬೈಯಲಿಲ್ಲ. ಒಂದು ಮಾತು ಹೇಳಿ ನಿಲ್ಲಿಸುವುದು, ಚೂರು ನಗುವುದು, ಮುಂದಕ್ಕೆ ಹೋಗುವುದು. ಅಂತೂ ಅಜ್ಜಿಗೂ ಪಾಡ್‌ಕಾಸ್ಟ್ ಅಭ್ಯಾಸವಾಯಿತು ಅಂದುಕೊಂಡೆ.

ಅದೇ ದಿನ, ಸಂಜೆ

ರೆಕಾರ್ಡಿಂಗ್ ಕೇಳಿದೆ. ಹೂಂ ಇದೆ.

ನನ್ನದಲ್ಲ. ಸಣ್ಣದು. ಬಾಯಿ ಮುಚ್ಚಿಕೊಂಡು ಮೂಗಿನಲ್ಲೇ ಅಂದ ಹಾಗೆ, ಶೀತವಾದ ಮಗು ಅನ್ನುವ ಹಾಗೆ. ಅಜ್ಜಿ ನಿಲ್ಲಿಸಿದ ಕಡೆಯಲ್ಲೆಲ್ಲ ಇದೆ. ಒಂದು ಕಡೆಯೂ ತಪ್ಪಿಲ್ಲ.

ಆಗಸ್ಟ್ 3

ರೆಕಾರ್ಡಿಂಗನ್ನು ರಾತ್ರಿಯೇ ಕಳಿಸಿದ್ದೆ, ವಿಷ್ಣು ಬೆಳಿಗ್ಗೆಯೇ ಫೋನ್ ಮಾಡಿದ. "ಅಕ್ಕ, ಈ ಮಗು ಯಾರದು? ಎಷ್ಟು ಚೆನ್ನಾಗಿ ಕೇಳ್ತಿದೆ ಕಥೆನ! ಇದನ್ನ ಕಟ್ ಮಾಡ್ಬೇಡ. ಇದೇ ನಿನ್ನ ಶೋ."

"ಮಗು ಇರ್ಲಿಲ್ಲ ಕಣೋ."

"ಕಿಟಕಿ ಹೊರಗೆ ನಿಂತಿರುತ್ತೆ ಬಿಡು."

ಕಿಟಕಿಯ ಹೊರಗೆ ಗಂಗಾಧರಯ್ಯನವರ ಕಾರು. ಅದರಾಚೆ ಗೋಡೆ. ಬಿಲ್ಡಿಂಗಿನ ಮಕ್ಕಳನ್ನೆಲ್ಲ ಕೇಳಿದೆ. ನಿನ್ನೆ, ಶನಿವಾರ, ಎಲ್ಲವೂ ಮೇಲಿನ ಮನೆಯ ಬರ್ತ್‌ಡೇಗೆ ಹೋಗಿದ್ದವು.

ಆಗಸ್ಟ್ 5

ಹೆಡ್‌ಫೋನ್ ಹಾಕಿಕೊಂಡೇ ರೆಕಾರ್ಡ್ ಮಾಡಿದೆ. ಮೈಕ್ ಕೇಳಿದ್ದನ್ನು ಆಗಲೇ ಕೇಳಬಹುದು, ವಿಷ್ಣು ತೋರಿಸಿಕೊಟ್ಟಿದ್ದ.

"ಬಾವಿ ಮನೆ ಮುದುಕಿ ಏನಂದ್ಲು? ಹಗ್ಗ ತತ್ತೀಯಾ ಕೂಸೇ ಅಂದ್ಲು."

ಹೂಂ.

ಹೆಡ್‌ಫೋನ್ ತೆಗೆದೆ. ಕೋಣೆಯಲ್ಲಿ ಫ್ಯಾನ್ ಸದ್ದು, ಅಜ್ಜಿ, ನಾನು. ಹಾಕಿಕೊಂಡೆ. ಹೂಂ. ಎಡಗಿವಿಯಲ್ಲಿ ಜಾಸ್ತಿ. ನನ್ನ ಎಡಗಡೆ ಅಜ್ಜಿಯ ಮಂಚ, ಮಂಚದ ಮೇಲೆ ಮಡಿಸಿಟ್ಟ ರಗ್ಗು. ಅಷ್ಟೇ.

ಹೆದರಿಕೆಯಾಯಿತು. ಸಂಜೆಯ ಬಿಸಿಲಿನಲ್ಲಿ, ಹೊರಗೆ ಯಾರೋ ಗಾಡಿ ಪಾರ್ಕಿಂಗಿಗೆ ಜಗಳ ಆಡುತ್ತಿರುವಾಗ.

"ಅಜ್ಜಿ... ಯಾರೋ ಹೂಂ ಅಂತಿದಾರೆ."

ಅಜ್ಜಿಗೆ ಆಶ್ಚರ್ಯವೇ ಆಗಲಿಲ್ಲ. ನನ್ನ ಕಡೆ ಮುಖ ತಿರುಗಿಸಿ, ಗುಟ್ಟು ಹೇಳುವವರ ಹಾಗೆ ಕೇಳಿದರು.

"ನಿಂಗೂ ಕೇಳ್ತದಾ?"

ಆಗಸ್ಟ್ 14

ಬರೆದಿರಲಿಲ್ಲ. ಕೆಳಗೂ ಹೋಗಿರಲಿಲ್ಲ. ಟೆಸ್ಟ್ ಪೇಪರ್ ತಿದ್ದುವುದಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಇವತ್ತು ಗಂಗಾಧರಯ್ಯನವರೇ ಮೇಲೆ ಬಂದರು. ಯಾವತ್ತೂ ಬಂದವರಲ್ಲ. ಬಾಗಿಲಲ್ಲೇ ನಿಂತರು.

"ಮೇಡಂ, ಅವ್ವ ಬೆಳಗ್ಗಿಂದ ಸಾಯಂಕಾಲದ ಗಂಟ ಒಬ್ರೇ ಕತೆ ಹೇಳ್ತಾ ಕೂತ್ಕೊಂಡವ್ರೆ. ಊಟಕ್ಕೆ ಕರದ್ರೆ ಕೈ ಆಡಿಸ್ತಾರೆ. ದನಿ ಒಡೆದೋಗದೆ. ನೀವು ಶುರು ಮಾಡಿದ್ದಲ್ವಾ... ನೀವೇ ವಸಿ ಹೇಳಿ ನಿಲ್ಸಿ."

ಕೆಳಗೆ ಹೋದೆ. ಕೆಂಡದ ಹುಡುಗಿ ಅಷ್ಟರಲ್ಲಿ ಉತ್ತರಹಳ್ಳಿ ದಾಟಿ, ಕೋಣನಕುಂಟೆ ದಾಟಿ, ಇನ್ನೂ ಎಲ್ಲೆಲ್ಲೋ ಸುತ್ತುತ್ತಿದ್ದಳು. ಮೊದಲ ಸಲ ಹೇಳುವಾಗ ಅಷ್ಟು ಮನೆಗಳಿರಲಿಲ್ಲ. ಅಜ್ಜಿ ಹೊಸ ಹೊಸ ಮನೆ ಸೇರಿಸುತ್ತಿದ್ದಾರೆ. ಬಾಗಿಲು ತೆಗೆದವರೆಲ್ಲ ಹುಡುಗಿಗೆ ಒಂದು ಕೆಲಸ ಹೇಳುತ್ತಾರೆ.

"ಒಂದು ತುತ್ತು ಊಟ ಮಾಡಿ ಅಜ್ಜಿ."

"ನಾ ಬಾಯಿಗೆ ತುತ್ತು ಇಟ್ರೆ ಕತೆ ನಿಲ್ತದೆ. ನಿಂತ್ರೆ ಕೂಸು ಎದ್ದೋದ್ರೆ?"

ಆಗಸ್ಟ್ 19

ಡಾಕ್ಟರ್ ಮನೆಗೇ ಬಂದು ನೋಡಿದರು. ಮಾತಾಡಲೇಬಾರದು, ಏನಾದರೂ ಒಳಗೆ ಹೋಗಬೇಕು, ಹೀಗೇ ಆದರೆ ಉಳಿಯುವುದಿಲ್ಲ ಎಂದರಂತೆ. ಅವರು ಗೇಟು ದಾಟುವ ಮೊದಲೇ ಅಜ್ಜಿ ಕಥೆಯ ಮುಂದಿನ ಮನೆಯ ಬಾಗಿಲು ತಟ್ಟಿದರು.

ನಾನು ಕೇಳಿಬಿಟ್ಟೆ. "ಕಥೆ ಮುಗಿಸಿಬಿಡಿ ಅಜ್ಜಿ. ಕೊನೆ ಏನು?"

ನನ್ನ ತೋಳು ಹಿಡಿದು ಹತ್ತಿರ ಎಳೆದುಕೊಂಡರು. ಆಮೇಲೆ, "ಇನ್ನೇನೈತೆ. ಕೆಂಡ ತಂದ್ಲು, ಅವ್ವ ಒಲೆ ಹಚ್ಚಿದ್ಲು, ಮುದ್ದೆ ಮಾಡಿದ್ಲು. ಹುಡುಗಿ ಉಂಡು ಮಲಗಿದ್ಲು."

ಇದನ್ನು ನನ್ನ ಕಿವಿಯ ಹತ್ತಿರ ಬಾಯಿ ತಂದು, ಮಂಚಕ್ಕೆ ಕೇಳಿಸದ ಹಾಗೆ ಹೇಳಿದರು.

"ಅಷ್ಟೇ ತಾನೇ. ಹೇಳಿಬಿಡಿ ಅವಳಿಗೆ."

"ಹೇಳಿದ್ರೆ ಮಲಗ್ಬುಡ್ತದೆ ಕಣವ್ವ. ಒಂದ್ ಸಲ ಮಲಗ್ಸಿವ್ನಿ. ಇನ್ನೊಂದ್ ಸಲ ನನ್ನ ಕೈಲಾಗಾಕಿಲ್ಲ."

ಮಹಡಿ ಹತ್ತಿ ಬಂದು ಅತ್ತೆ. ಅವರಿಗೋಸ್ಕರ, ಆ ಮಗುವಿಗೋಸ್ಕರ.

ಆಗಸ್ಟ್ 22

ಒಂದು ಉಪಾಯ ಹೊಳೆಯಿತು. ಉಪಾಯವೋ ಅಪಾಯವೋ. ಹೆಡ್‌ಫೋನನ್ನು ಅಜ್ಜಿಯ ಕಿವಿಗೆ ಹಾಕಿದೆ. ಮೊದಲ ದಿನದ ಹೂಂಗಳನ್ನೆಲ್ಲ ಒಂದರ ಹಿಂದೆ ಒಂದು ಜೋಡಿಸಿದ್ದೆ. ಆಮೇಲೆ ನಿನ್ನೆ ಮತ್ತೆ ಮೈಕ್ ಇಟ್ಟು ಹಿಡಿದವು.

ಮೊದಲ ದಿನದ್ದು ಚುರುಕು. ಮಾತು ಮುಗಿಯುವ ಮೊದಲೇ ಹೂಂ. ನಿನ್ನೆಯದು ತಡವಾಗಿ ಬರುತ್ತದೆ. ಎಳೆದುಕೊಂಡು ಬರುತ್ತದೆ. ಕೆಲವು ಕಡೆ ಅರ್ಧಕ್ಕೇ ನಿಂತು, ಬೆಚ್ಚಿಬಿದ್ದು ಮತ್ತೆ ಹೂಂ.

ಅಜ್ಜಿ ಕೇಳುತ್ತಲೇ ಇದ್ದರು. ಪೊರೆಗಣ್ಣಿನಲ್ಲಿ ನೀರು.

"ನಿದ್ದೆಗಣ್ಣು," ಎಂದರು. ದನಿಯಿಲ್ಲ, ಬರೀ ಗಾಳಿ. "ಕೂಸು ನಿದ್ದೆ ತಡಕೊಂಡು ಹೂಂ ಅಂತೈತೆ. ನಾನು ಮಲಗಾಕೆ ಬುಡ್ತಿಲ್ಲ. ಎಂಥ ತಾಯಿ ನಾನು."

ಮುಗಿಸುತ್ತೇನೆ ಎಂದು ನೆಟ್ಟಗೆ ಕೂತರು. ಬಾಯಿ ತೆರೆದರು. ಏನೂ ಬರಲಿಲ್ಲ. ಮತ್ತೆ ತೆರೆದರು. ಗಂಟಲಲ್ಲಿ ಗೊರಗೊರ ಬಿಟ್ಟು ಏನೂ ಇಲ್ಲ.

ನನ್ನ ಕೈ ಹುಡುಕಿ ಹಿಡಿದುಕೊಂಡರು. ಬೆರಳಲ್ಲಿ ನನ್ನ ತುಟಿ ಮುಟ್ಟಿದರು. ನೀನು ಹೇಳು. ಆಮೇಲೆ ಮಂಚದ ಕಡೆ ಕೈ ತೋರಿಸಿ, ತಮ್ಮ ಎದೆ ಮುಟ್ಟಿಕೊಂಡು, ಎರಡು ಕೈ ಜೋಡಿಸಿ ಕೆನ್ನೆಗಿಟ್ಟುಕೊಂಡರು. ಅದು ಮಲಗಲಿ, ನಾನೂ ಮಲಗುತ್ತೇನೆ.

"ಸೋಮವಾರ ಹೇಳ್ತೀನಿ ಅಜ್ಜಿ" ಎಂದೆ. ಇವತ್ತೇ ಹೇಳಲು ಧೈರ್ಯ ಬರಲಿಲ್ಲ.

ಆಗಸ್ಟ್ 25, ಸಂಜೆ

ಹೇಳಲು ಕೂತೆ. ಅಜ್ಜಿ ದಿಂಬಿಗೆ ಒರಗಿದ್ದರು. ಗಂಗಾಧರಯ್ಯನವರು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡಿದ್ದರು. ಹೆಡ್‌ಫೋನ್ ಬೇಕಾ ಎಂದು ಅವರನ್ನು ಕೇಳಿದೆ. ನಿಮ್ಮಕ್ಕನ ದನಿ ಎನ್ನಲು ಬಾಯಿ ಬರಲಿಲ್ಲ. ಅವರಿಗೆ ಅರ್ಥವಾಯಿತು. "ನಂಗೆ ಬ್ಯಾಡ ಮೇಡಂ. ನೀವು ಹೇಳಿ" ಎಂದರು.

ನಾನೇ ಹೆಡ್‌ಫೋನ್ ಹಾಕಿಕೊಂಡು ಮೊದಲಿನಿಂದ ಶುರು ಮಾಡಿದೆ. ಒಂದಾನೊಂದು ಊರಲ್ಲಿ ಒಲೆ ಆರಿತ್ತು ಎಂದೆ.

ಹೂಂ.

ನನಗೆ. ನನ್ನ ಮಾತಿಗೆ.

ಅದು ಹೇಗಿತ್ತು ಎಂದು ಹೇಗೆ ಬರೆಯಲಿ. ಹೆದರಿಕೆ ಎರಡನೇ ಮಾತಿಗೇ ಹೋಯಿತು. ನನ್ನ ನೋಟೀಸ್ ಓದುವ ದನಿ ಮೆತ್ತಗಾಯಿತು. ಹುಡುಗಿ ನೀರಿಗೆ ಹೋದಳು ಎಂದರೆ ಹೂಂ, ಬಾವಿ ಆಳವಾಗಿತ್ತು ಎಂದರೆ ಇನ್ನೂ ಸಣ್ಣ ಹೂಂ, ಹೆದರಿಕೊಂಡ ಹಾಗೆ. ಈ ವಯಸ್ಸಿನವರೆಗೆ ಯಾರೂ ನನ್ನ ಮಾತನ್ನು ಹೀಗೆ ಕೇಳಿರಲಿಲ್ಲ. ಅಪ್ಪ ಕೇಳಿರಲಿಲ್ಲ, ಅಣ್ಣ ಕೇಳಿರಲಿಲ್ಲ, ಕ್ಲಾಸಿನ ಮಕ್ಕಳು ಯಾವತ್ತೂ ಕೇಳಿಲ್ಲ. ಸುಖವಾಯಿತು. ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ, ಸುಖವಾಯಿತು.

ಕೆಂಡ ಸಿಕ್ಕಿತು. ಹುಡುಗಿ ತನ್ನ ಮನೆಯ ಬಾಗಿಲಿಗೆ ಬಂದಳು. ಅಜ್ಜಿ ನನ್ನ ಕೈ ಹಿಡಿದುಕೊಂಡಿದ್ದರು. ಇನ್ನು ಬಾಕಿ ಇದ್ದದ್ದು ಒಂದೇ ಮಾತು.

"ಒಳಗೆ ಕಾಲಿಡಬೇಕು ಅನ್ನೋಷ್ಟರಲ್ಲಿ..." ಎಂದೆ.

ಹೂಂ.

"ಕೆಂಡ ಆರಿಹೋಯ್ತು."

ಎಲ್ಲಿಂದ ಬಂತೋ ಆ ಮಾತು. ಬಾಯಿಂದ ಬಿದ್ದಾಗಿತ್ತು. ಕಿವಿಯಲ್ಲಿ ತುಂಬಾ ಹೊತ್ತು ಏನೂ ಇಲ್ಲ. ಆಮೇಲೆ ಬಹಳ ದೂರದಿಂದ ಎಳೆದು ತಂದ ಹಾಗೆ — ಹೂಂ.

ಅಜ್ಜಿಯ ಕೈ ನನ್ನ ಕೈಯನ್ನು ಬಿಟ್ಟಿತು.

"ಮುಗೀತಾ ಮೇಡಂ?" ಗಂಗಾಧರಯ್ಯನವರು ಎದ್ದು ನಿಂತಿದ್ದರು.

"ಇನ್ನೊಂದ್ ಸ್ವಲ್ಪ ಇದೆ ಸಾರ್."

ಆಗಸ್ಟ್ 26

ಗೌರಿ ಹಬ್ಬ, ರಜೆ. ಬೆಳಿಗ್ಗೆಯೇ ಕೆಳಗೆ ಹೋದೆ. ಇವತ್ತು ಮುಗಿಸಲೇಬೇಕು ಎಂದುಕೊಂಡೇ ಹೋದದ್ದು. ಹುಡುಗಿಯನ್ನು ಮತ್ತೆ ಕೆಂಡಕ್ಕೆ ಕಳಿಸಿದೆ. ತಿಲಕ್ ನಗರದವರೆಗೂ ಹೋದಳು.

ಅಜ್ಜಿ ಗೋಡೆ ಕಡೆ ಮುಖ ಮಾಡಿಕೊಂಡಿದ್ದರು. ಸೊಸೆ ಗಂಜಿ ತಂದರೆ ಬಾಯಿ ತೆರೆಯಲಿಲ್ಲ. ನಾನು ಏಳುವಾಗ ನನ್ನ ಸೆರಗು ಹಿಡಿದು ತುಟಿ ಆಡಿಸಿದರು. "ಮಲಗ್ಲಿ ಬುಡು" ಎಂದೇ ಇರಬೇಕು.

"ನಾಳೆ ಖಂಡಿತ ಅಜ್ಜಿ" ಎಂದೆ.

ಆಗಸ್ಟ್ 27

ಬೆಳಿಗ್ಗೆ ಅಜ್ಜಿ ಹೋಗಿಬಿಟ್ಟರು. ಬೀದಿ ಕೊನೆಯ ಪೆಂಡಾಲಿನಲ್ಲಿ ಗಣೇಶನನ್ನು ಕೂರಿಸುತ್ತಿದ್ದರು. ಗಂಗಾಧರಯ್ಯನವರು ಹೋಗಿ ಮೈಕ್ ಸೆಟ್ ನಿಲ್ಲಿಸಿ ಬಂದರು.

ಕಣ್ಣು ಮುಚ್ಚಿರಲಿಲ್ಲವಂತೆ. ಅವರೇ ಮುಚ್ಚಿದರಂತೆ. ಮತ್ತೆ ತೆರೆಯಿತಂತೆ.

"ಅವ್ವಂಗೆ ಕತೆಯ ಕೊನೆ ಕೇಳಿಸ್ತಲ್ವಾ ಮೇಡಂ? ಮಲಗ್ತಲ್ವಾ ಮಗು?"

"ಕೇಳಿಸ್ತು ಸಾರ್" ಎಂದೆ. ಸುಳ್ಳು.

ಆಗಸ್ಟ್ 30

ಅಜ್ಜಿಯ ಹಾಲು ತುಪ್ಪದ ಕಾರ್ಯ ಮುಗಿಯಿತು. ಮೈಕ್, ಸ್ಟ್ಯಾಂಡ್ ಎಲ್ಲ ಮೇಲೆ ತಂದೆ. ಗಂಗಾಧರಯ್ಯನವರೇ ವೈರ್ ಸುತ್ತಿಕೊಟ್ಟರು. ಮಂಚ ಬಿಚ್ಚಿಟ್ಟಿದ್ದಾರೆ.

ವಿಷ್ಣುವಿನ ಮೆಸೇಜುಗಳು ಹಾಗೇ ಇವೆ. ಎಪಿಸೋಡ್ ಎಲ್ಲಿ ಅಕ್ಕ? ಎಲ್ಲೂ ಹಾಕುವುದಿಲ್ಲ. ಹೇಗೆ ಹಾಕಲಿ.

ಸೆಪ್ಟೆಂಬರ್ 2, ಮಧ್ಯಾಹ್ನ

ಸ್ಕೂಲಿಗೆ ಹೋಗಲಿಲ್ಲ. ಮೈಕ್ ಆನ್ ಮಾಡಿದೆ. ಪುಟ್ಟತಾಯಿ ಬಂದಿರಲಾರಳು ಎಂದುಕೊಂಡೆ. ಕೆಳಗಿನ ಮಂಚದವಳು, ಮಹಡಿ ಹತ್ತಿ ಏಕೆ ಬಂದಾಳು.

"ಹುಡುಗಿ ಹೊರಟಳು" ಎಂದೆ.

ಎಡಗಿವಿಯಲ್ಲಿ ಹೂಂ. ಬಲಗಿವಿಯಲ್ಲೂ ಹೂಂ. ಬಲಗಿವಿಯದು ಮಗುವಿನದಲ್ಲ. ಒಡೆದ ದನಿ, ಬರೀ ಗಾಳಿ.

ಹೆಡ್‌ಫೋನ್ ತೆಗೆದಿಟ್ಟು ಇದನ್ನು ಬರೆಯುತ್ತಿದ್ದೇನೆ. ಇಬ್ಬರಿಗೂ ಸುಸ್ತಾಗಿದೆ. ನನಗೆ ಗೊತ್ತು. ನಾನು ಅಷ್ಟು ಕೆಟ್ಟವಳಲ್ಲ. ಬಾಕಿ ಇರುವುದು ಒಂದೇ ಮಾತು, ಅದನ್ನು ಮೊದಲು ಇಲ್ಲಿ ಬರೆದುಕೊಂಡು, ಬರೆದದ್ದನ್ನೇ ಓದಿಬಿಡುತ್ತೇನೆ. ಹಾಗೆ ಮಾಡಿದರೆ ಬಾಯಿ ತಪ್ಪುವುದಿಲ್ಲ.

ಹುಡುಗಿ ಮನೆಗೆ ಬಂದಳು. ಒಳಗೆ ಕಾಲಿಟ್ಟಳು. ಕೆಂಡ ಆರಿರಲಿಲ್ಲ. ಒಲೆ ಹತ್ತಿತು. ಅವ್ವ ಮುದ್ದೆ ಮಾಡಿದಳು. ಹುಡುಗಿ ಉಂಡಳು. ಕೈ ತೊಳೆದಳು. ಚಾಪೆ ಹಾಸಿದಳು. ಅವ್ವ ದೀಪ ಸಣ್ಣ ಮಾಡಿದಳು. ಹುಡುಗಿ ಅವ್ವನ ಪಕ್ಕದಲ್ಲಿ ಬಂದು, ತಲೆ ಇಟ್ಟು, ಆಮೇಲೆ... ಆಮೇಲೆ ಯಾರೋ ಬಾಗಿಲು ತಟ್ಟಿದರು. ಹುಡುಗಿ ಎದ್ದು ಕೂತಳು.